ಹಿಂದಿನ ಸೀಟಿನ ಟಗರು

ಚಿತ್ರದುರ್ಗ,
ಭಾನುವಾರ

ತಮ್ಮ ಮಾರುತೇಶನಿಗೆ,

ನಾನು ಮತ್ತೆ ಆಸ್ಪತ್ರೆ ಸೇರಿದ್ದೇನೆ. ಕಾಲಿನ ಸೋಂಕು ಇನ್ನೂ ಪೂರ್ತಿ ಹೋಗಿಲ್ಲ, ಕಾಲು ಚಾಚಿ ದಿಂಬಿನ ಮೇಲಿಟ್ಟುಕೊಂಡೇ ಪ್ರಯಾಣ ಮಾಡಬೇಕು ಎಂದು ಹಿಂದಿನ ಸಲ ಮನೆಗೆ ಕಳಿಸುವಾಗಲೇ ಡಾಕ್ಟರು ನಿನ್ನೆದುರು ಹೇಳಿದ್ದರು. "ಹಿಂದಿನ ಸೀಟು ಪೂರ್ತಿ ನಿಂದೇ ಅಕ್ಕ, ಹಂಗೇ ಸುತ್ತಾಡ್ಕಂಡು ಊರಿಗೆ ಹೋಗಾಣ" ಎಂದು ಕಾರು ಹತ್ತಿಸಿದವನು ನೀನು. ವಾರಗಟ್ಟಲೆ ಗೋಡೆ ನೋಡಿದ್ದ ನನಗೆ ಬಯಲು ಕಂಡು ಹಿತವೆನಿಸಿತ್ತು.

ಹೊಳಲ್ಕೆರೆಯಲ್ಲಿ ನೀನು ಕಾರು ನಿಲ್ಲಿಸಿ, ಟಗರೊಂದನ್ನು ತಂದು ಹಿಂದಿನ ಸೀಟಿಗೆ ಹತ್ತಿಸಿದೆ. "ಕಾಲು ಕೆಳಗಿಡಕ್ಕ, ಪಾಪ, ಅದು ನಿಂತು ನಿಂತು ಸುಸ್ತಾಗೈತೆ." ಹೊಸದುರ್ಗದವರೆಗೆ ಅದು ನನ್ನ ದಿಂಬಿನ ಮೇಲೆ ಮಲಗಿತ್ತು. ಕಾಲು ನೋಯುತ್ತಿದೆ ಎಂದರೆ, "ಟಗರೇ ಸುಮ್ಕೆ ಕುಂತೈತೆ, ನಿಂದೇನಕ್ಕ ರಗಳೆ?" ಎಂದು ನೀನು ನಕ್ಕೆ. ಇಳಿಯುವಾಗ ಕಾಲು ಕೆಂಪಗೆ ಊದಿ, ಚಪ್ಪಲಿ ಹಿಡಿಯಲಿಲ್ಲ.

ನನ್ನ ಕಾಲು ವಾಸಿಯಾದರೆ ಒಪ್ಪಿಸುತ್ತೇನೆಂದು ನೀನು ಹರಕೆ ಹೊತ್ತ ಟಗರು ಅದು ಎಂದು ನಿನ್ನ ಹೆಂಡತಿ ನಿನ್ನೆ ಹೇಳಿದಳು. ಮುಂದಿನ ವಾರ ಬಾಡೂಟವಂತೆ, ನೆಂಟರನ್ನೂ ಕರೆದಾಗಿದೆಯಂತೆ.

ಯಾರೂ ಬರುವುದು ಬೇಡವೆಂದು ಎಲ್ಲರಿಗೂ ಫೋನ್ ಮಾಡು. ಕಾಲು ವಾಸಿಯಾಯಿತೆಂದು ನಾನೇ ಹೇಳುವವರೆಗೆ ಆ ಟಗರಿನ ಮೇಲೆ ಯಾರೂ ಕೈ ಹಾಕಕೂಡದು. ಹೊತ್ತಿಗೆ ಸರಿಯಾಗಿ ಮೇವು, ನೀರು ಕೊಡು.

ನಿನ್ನ ಅಕ್ಕ,
ಭಾಗ್ಯ