ಎಲುಬಿನ ಸಿಟ್ಟು

ನನ್ನ ಚಿಕ್ಕಿಗೆ,

ನೀನು ಇದನ್ನು ಓದಲಾರೆ ಎಂದು ಗೊತ್ತು. ಇದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ನನ್ನ ಕೈಗೆ ಕೊಟ್ಟು "ಎಂತ ಬರ್ದಾರೆ ನೋಡೇ" ಅನ್ನುತ್ತಿದ್ದೆ. ನಾನು ಕಲಿತ ಏಳನೆಯ ತರಗತಿ ನಮ್ಮಿಬ್ಬರಿಗೂ ಸಾಕಾಗುತ್ತಿತ್ತು. ಈಗಲೂ ಬರೆಯುತ್ತಾ ಬರೆಯುತ್ತಾ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೇನೆ. ನಿನಗೆ ಕೇಳುತ್ತದೋ ಇಲ್ಲವೋ…

ಅವತ್ತು ನೀನು ಹಿತ್ತಿಲಲ್ಲಿ ಕೂತು, ಹೊಳೆಯಿಂದ ತಂದು ಬೇಯಿಸಿದ ಬಳಚನ್ನು ಚಿಪ್ಪಿಯಿಂದ ಬಿಡಿಸುತ್ತಿದ್ದೆ. ನಾನು ಓಟ ಮುಗಿಸಿ ಬೇಲಿ ದಾಟಿ ಬಂದೆ. ನೀನು ತಲೆಯನ್ನೂ ಎತ್ತಲಿಲ್ಲ, ಹೆಜ್ಜೆಯ ಸದ್ದಿನಲ್ಲೇ ಗೊತ್ತಾಗಿರಬೇಕು.

"ಎಂತ ಆತೇ ಕಾಲಿಗೆ?"

"ಎಂತದೂ ಇಲ್ಲ."

"ಎಂತದೂ ಇಲ್ದೆ ಕೋಳಿ ಹಂಗೆ ಎಂತಕ್ಕೆ ಕುಪ್ಪಳಿಸ್ತಿ?"

ಹೊನ್ನಾವರದಲ್ಲಿ ಹೆಂಗಸರ ಓಟ ಇದೆ, ಯಾರು ಬೇಕಾದರೂ ಸೇರಬಹುದು ಎಂದು ಮೊಬೈಲಿನಲ್ಲಿ ನೋಡಿದ್ದೆ. ಶಾಲೆ ಬಿಟ್ಟ ಮೇಲೆ ನನಗೆ ಓಡಲು ಸಿಕ್ಕ ಮೊದಲ ಓಟ ಅದು. ನೋಡಿದ ದಿನದಿಂದ ಕಡಲ ದಂಡೆಯ ಮರಳು ಬಿಟ್ಟು ಕುಮಟೆಯ ಕಡೆಯ ಟಾರು ರಸ್ತೆ ಹಿಡಿದಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೊದಮೊದಲು ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಗೆ ಸಣ್ಣಗೆ ಉರಿಯುತ್ತಿತ್ತು, ಓಡುತ್ತಾ ಓಡುತ್ತಾ ಮಾಯವಾಗುತ್ತಿತ್ತು. ಆಮೇಲೆ ಮಾಯವಾಗುವುದನ್ನು ಬಿಟ್ಟಿತು. ಅಂದು ನೀನು ತೆಂಗಿನೆಣ್ಣೆ ಕಾಸಿ ತಂದು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದೆ. ನಾನು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮರುದಿನವೇ ಕುಮಟೆಯ ಆಸ್ಪತ್ರೆಗೆ ಎಳೆದುಕೊಂಡು ಹೋದೆಯಲ್ಲ! ಎಲುಬಿನ ಫೋಟೋ ತೆಗೆದರು, ಆಮೇಲೆ ವ್ಯಾಯಾಮ ಹೇಳಿಕೊಡುವ ಫಿಜಿಯೋ ಮೇಡಂ ಹತ್ತಿರ ಕಳಿಸಿದರು. ಅವರು ಕೇಳಿದ್ದಕ್ಕೆಲ್ಲ ನಾನು ನೆಲ ನೋಡುತ್ತಾ ಕೂತಿದ್ದೆ.

"ಈ ಹುಡುಗಿ ಮಾತಾಡೋದಿಲ್ವಾ?"

"ದೇವರು ಕಾಲು ಕೊಡುವ ಗಡಿಬಿಡೀಲಿ ಇವ್ಳಿಗೆ ಬಾಯಿ ಕೊಡುಕೆ ಮರ್ತ ಮೇಡಮ್ಮ. ನನ್ನ ಹತ್ರ ಕೇಳಿ. ನಂಗೆ ಇಬ್ಬರ ಬಾಯಿ ಕೊಟ್ಟಾನೆ."

ನೋವು ಎಲ್ಲಿ ಎಂದು ಅವರು ಕೇಳಿದಾಗ ನೀನು ನಿನ್ನ ಸೀರೆಯನ್ನೇ ಮೇಲೆತ್ತಿ, ನಿನ್ನದೇ ಕಾಲಿನ ಮೇಲೆ ಬೆರಳೆಳೆದು ತೋರಿಸಿದೆ. "ಇಲ್ಲಿಂದ ಇಲ್ಲಿಗೆ." ಒಂದಿಂಚೂ ತಪ್ಪಿರಲಿಲ್ಲ. ನಾನು ಒಂದು ದಿನವೂ ನಿನಗೆ ಅದನ್ನು ಹೇಳಿರಲಿಲ್ಲ. ಎಣ್ಣೆ ತಿಕ್ಕುವಾಗ ಎಲ್ಲಿಂದ ಎಲ್ಲಿಗೆ ಕಿರುಚಿದೆ ಎಂದು ಅಳೆದಿಟ್ಟುಕೊಂಡಿದ್ದೆಯಾ ಚಿಕ್ಕಿ?

ಮೇಡಂ ಅದಕ್ಕೆ ಶಿನ್ ಸ್ಪ್ಲಿಂಟ್ಸ್ ಅಂದರು. ಗಟ್ಟಿ ರಸ್ತೆಯ ಮೇಲೆ ಒಮ್ಮೆಲೇ ಜಾಸ್ತಿ ಓಡಿದ್ದಕ್ಕೆ ಎಲುಬಿನ ಮೇಲಿನ ಪೊರೆ ಕೆರಳಿದೆ, ಹೀಗೇ ಓಡಿದರೆ ಎಲುಬೇ ಬಿರುಕು ಬಿಡಬಹುದು ಎಂದು ಹೇಳಿದರು. ಎಣ್ಣೆ ತಿಕ್ಕಬೇಡಿ, ಮಂಜುಗಡ್ಡೆ ಇಡಿ, ಓಟ ಪೂರ್ತಿ ನಿಲ್ಲಿಸಿ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ನೀನು ಹೇಳಿದೆ: "ಎಂತದೂ ದೊಡ್ಡದಲ್ಲ, ಎಲುಬಿಗೆ ಸಿಟ್ಟು ಬಂದದೆ. ಅದರ ಪಾಡಿಗೆ ಬಿಟ್ರೆ ಇಳೀತದೆ."

ಮಂಜುಗಡ್ಡೆ ಎಲ್ಲಿಂದ ತರುವುದು ಎಂದು ನೀನು ಯೋಚಿಸಲೂ ಇಲ್ಲ. ಮೀನಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದೆ. ಅದಕ್ಕೆ ಬಂಗಡೆಯ ವಾಸನೆ. ನಾನು ಕಾಲು ಚಾಚಿ ಕೂತರೆ ಕೇರಿಯ ಬೆಕ್ಕುಗಳೆಲ್ಲ ಸುತ್ತ ಬಂದು ಕೂರುತ್ತಿದ್ದವು. ಒಂದು ಬೆಕ್ಕು ನನ್ನ ಕಾಲನ್ನೇ ನೆಕ್ಕಿತು. "ನೋಡು, ಡಾಕ್ಟ್ರು ಬಂದ್ರು" ಎಂದು ನೀನು ನಕ್ಕು ನಕ್ಕು ಗೋಡೆಗೆ ಒರಗಿದೆ. ಆ ನಗು ಈಗ ಈ ಮನೆಯಲ್ಲಿ ಎಲ್ಲಿ ಹುಡುಕಲಿ?

ಎರಡನೆಯ ಸಲ ಹೋದಾಗ ಮೇಡಂ, ನೆಲಕ್ಕೆ ಕಾಲು ಬಡಿಯದಂತೆ ನೀರಿನಲ್ಲಿ ಓಡಿದರೆ ಒಳ್ಳೆಯದು, ನಿಮ್ಮ ಕಡೆ ಈಜುಕೊಳ ಇದೆಯೇ ಎಂದು ಕೇಳಿದರು. ನೀನು ಅವರನ್ನೇ ಪಾಪ ಅನ್ನುವ ಹಾಗೆ ನೋಡಿದೆ. "ಮೇಡಮ್ಮ, ನಮ್ಮ ಅಘನಾಶಿನೀಲಿ ಇಡೀ ಹೊಳೆಯೇ ಅದೆ."

ಇಳಿತದ ಹೊತ್ತಿಗೆ ನೀವೆಲ್ಲ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಬಳಚು ಹುಡುಕುವಲ್ಲಿಗೇ ನನ್ನನ್ನು ಇಳಿಸಿದೆ. ನಾನು ನಿಂತಲ್ಲೇ ಮೊಣಕಾಲು ಎತ್ತಿ ಎತ್ತಿ ಓಡಿದೆ. ಪಕ್ಕದ ಮನೆಯ ಮಾದೇವಕ್ಕ ಕೂಗಿದಳು.

"ಅಲ್ವೇ, ನಿನ್ ಕೂಸು ನೀರೊಳಗೆ ಯಾರನ್ನ ಬೆನ್ನಟ್ತದೆ?"

"ನಿನ್ ಮಗನ್ನ! ಹೆಣ್ಣು ನೋಡುಕೆ ಹೋಗು ಅಂದ್ರೆ ಏಡಿ ಹಂಗೆ ಬಿಲ ಸೇರ್ತಾನಲ್ಲ, ಅದ್ಕೆ ಹುಡುಕ್ತದೆ."

ಹೊಳೆ ತುಂಬ ನಗು. ನನಗೆ ನೀರೊಳಗೆ ಮುಳುಗಿಬಿಡೋಣ ಅನ್ನಿಸಿತ್ತು. ಬೇರೆಯವರು ದೋಣಿ ಹತ್ತಿ ಹೋದ ಮೇಲೂ ನೀನು ಮಾತ್ರ ನನ್ನ ಪಕ್ಕ ನಿಂತಿರುತ್ತಿದ್ದೆ. ಚಳಿಗೆ ನಿನ್ನ ತುಟಿ ನಡುಗುತ್ತಿತ್ತು. ಚಿಪ್ಪಿ ಕೊಯ್ದ ಗಾಯ ನಿನ್ನ ಪಾದಗಳಲ್ಲಿ ಯಾವಾಗಲೂ ಇರುತ್ತಿತ್ತು. ನೀನಿನ್ನು ಹೋಗು ಎಂದು ನಾನು ಹೇಳಿದರೆ, "ನಾ ಹೋದ್ರೆ ನೀ ದಡ ಹತ್ತಿ ಓಡ್ತಿ, ನಂಗೆ ಗೊತ್ತದೆ" ಅನ್ನುತ್ತಿದ್ದೆ.

ನಿನಗೆ ಗೊತ್ತಿದ್ದದ್ದು ಸರಿಯಾಗಿಯೇ ಇತ್ತು. ಒಂದು ಮುಂಜಾನೆ, ನೀನು ಒಲೆ ಹಚ್ಚುವ ಮೊದಲೇ ನಾನು ಮರಳಿಗೆ ಹೋಗಿ ಓಡಿ ಬಂದಿದ್ದೆ. ಓಟಕ್ಕೆ ಇನ್ನು ಕೆಲವೇ ತಿಂಗಳಿತ್ತು, ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ನೀನು ನನ್ನ ಹಿಮ್ಮಡಿಯ ಮರಳು ನೋಡಿದೆ. ಬೂಟುಗಳನ್ನು ಎತ್ತಿಕೊಂಡು ಹೋಗಿ ಅಕ್ಕಿಯ ಡ್ರಮ್ಮಿನೊಳಗೆ ಹಾಕಿ ಮುಚ್ಚಿದೆ.

"ನಿಲ್ಲು ಅಂದ್ರೆ ನಿಲ್ಲುಕೆ ಆಗುದಿಲ್ವೇ ನಿಂಗೆ?"

"ಸ್ವಲ್ಪವೇ ಓಡಿದ್ದು."

"ಸ್ವಲ್ಪ ಓಡಿದ್ರೆ ಸ್ವಲ್ಪವೇ ನೋವು ಬತ್ತದಾ? ನೀ ಕುಂಟುದು ನೋಡುಕೆ ನನ್ ಹತ್ರ ಆಗುದಿಲ್ಲ ಮಾರಾಯ್ತಿ. ನಿಂಗೆ ಕೈ ಮುಗೀತೆ."

ನಿಜವಾಗಿಯೂ ಕೈ ಮುಗಿದೆ ನೀನು. ಆ ದಿನವಿಡೀ ಮಾತಾಡಲಿಲ್ಲ. ನನ್ನ ಅಮ್ಮ ಸತ್ತ ಮೇಲೆ ನನ್ನನ್ನು ಸಾಕಲೆಂದು ಈ ಮನೆಗೆ ಬಂದವಳು ನೀನು. ನೀನು ಮಾತು ಬಿಟ್ಟದ್ದು ನನಗೆ ನೆನಪಿರುವಂತೆ ಅದೊಂದೇ ದಿನ.

ದೀಪಾವಳಿ ಕಳೆದ ಮೇಲೆ ನಿನಗೆ ಜ್ವರ ಬಂತು. ಗುಳಿಗೆ ನುಂಗಿ ಎರಡು ದಿನ ಹೊಳೆಗೂ ಹೋದೆ. ಕಣ್ಣು ಹಳದಿಯಾದ ಮೇಲೆ ಕುಮಟೆಗೆ ಕರೆದುಕೊಂಡು ಹೋದೆವು. ಇಲಿಜ್ವರ ಅಂದರು. ಹೊಳೆಯ ನೀರಿನಿಂದ ಬಂತೇ ಎಂದು ಮಾದೇವಕ್ಕ ಕೇಳಿದಳು. ಗದ್ದೆಯ ನೀರಿನಿಂದಲೂ ಬರಬಹುದು, ಚರಂಡಿಯಿಂದಲೂ ಬರಬಹುದು, ಇಂಥಲ್ಲಿಂದಲೇ ಎಂದು ಹೇಳಲಾಗದು ಎಂದು ಡಾಕ್ಟರು ಹೇಳಿದರು. ಆದರೂ ಚಿಕ್ಕಿ, ಎಲ್ಲರೂ ದೋಣಿ ಹತ್ತಿದ ಮೇಲೆ ನೀನೊಬ್ಬಳೇ ನನ್ನ ಪಕ್ಕ ನಿಂತಿದ್ದ ಆ ಹೊತ್ತು, ಆ ಗಾಯದ ಪಾದಗಳು…

ನಮ್ಮ ಜಿಲ್ಲೆಯಲ್ಲಿ ಕಾಯಿಲೆ ದೊಡ್ಡದಾದರೆ ಎಲ್ಲರೂ ಹೋಗುವ ದಾರಿಯಲ್ಲೇ ನಿನ್ನನ್ನೂ ಕಳಿಸಿದರು. ಕುಮಟೆ, ಹೊನ್ನಾವರ, ಭಟ್ಕಳ, ಅದನ್ನು ದಾಟಿ ಉಡುಪಿಯ ಕಡೆ. ಮಟಮಟ ಮಧ್ಯಾಹ್ನ. ಆ್ಯಂಬುಲೆನ್ಸಿನಲ್ಲಿ ನಾನು ನಿನ್ನ ಪಕ್ಕ ಮುದುಡಿ ಕೂತಿದ್ದೆ. ಹೊನ್ನಾವರ ದಾಟಿದ ಮೇಲೆ ನೀನು ಕಣ್ಣು ಬಿಟ್ಟೆ.

"ಕಾಲು ಮಡಚ್ಕಂಡು ಕೂಕಬೇಡ. ಚಾಚ್ಕ."

ಚಾಚಿದೆ.

"ಭಟ್ಕಳ ಬಂತನೇ?"

"ಬಂತು ಚಿಕ್ಕಿ."

ಬಂದಿರಲಿಲ್ಲ. ಬಂತು ಅಂದರೆ ನಿನಗೆ ಸಮಾಧಾನ ಆದೀತು ಅನ್ನಿಸಿತು. ಭಟ್ಕಳದ ಅಂಗಡಿಗಳ ಬೋರ್ಡು ಕಾಣುವ ಹೊತ್ತಿಗೆ ನಿನ್ನ ಕೈ ನನ್ನ ಕೈಯಲ್ಲೇ ಇತ್ತು, ಆದರೆ ಅದು…

ಇಲ್ಲ, ಇದನ್ನು ಬರೆಯಲಾರೆ.

ಸೂತಕದ ದಿನಗಳಲ್ಲಿ ಗೋಡೆಗೆ ಒರಗಿ ಕೂತವಳು ಆಮೇಲೂ ಏಳಲಿಲ್ಲ. ಮಲ್ಪೆಯ ಮೀನಿನ ಬೋಟಿನಲ್ಲಿ ದುಡಿಯುವ ಅಪ್ಪ ಬಂದು ಕಾರ್ಯ ಮುಗಿಸಿ ಮತ್ತೆ ಬೋಟಿಗೆ ಹೋದ. ಮಾದೇವಕ್ಕ ಗಂಜಿ ತಂದಿಟ್ಟು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನೀರು ಸೇದಿ ಬಾವಿಕಟ್ಟೆಯಿಂದ ಇಳಿದೆ. ಇಳಿದ ಮೇಲೆ ಗೊತ್ತಾಯಿತು, ಕಾಲು ನೋಯಲಿಲ್ಲ. ಅಲ್ಲೇ ಕೂತು ಎಲುಬಿನ ಒಳಬದಿಗೆ ಬೆರಳಿಟ್ಟು ಒತ್ತಿದೆ. ನೋವಿರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಬೆರಳು ನೋಯಿತು, ಎಲುಬು ನೋಯಲಿಲ್ಲ.

ನೀನು ಕೈ ಮುಗಿದು ಬೇಡಿದಾಗ ಕಾಲಿಗೆ ಕೊಡದ ವಿಶ್ರಾಂತಿಯನ್ನು ನೀನು ಹೋದ ಮೇಲೆ ಕೊಟ್ಟೆ. ನಿನ್ನ ಸೂತಕದಲ್ಲಿ ನನ್ನ ಕಾಲು ವಾಸಿಯಾಯಿತು. ಇದನ್ನು ಯಾರ ಹತ್ತಿರ ಹೇಳಲಿ? ಯಾರಾದರೂ ಕಾಲು ಹೇಗಿದೆ ಎಂದು ಕೇಳಿದರೆ, ಇನ್ನೂ ನೋವಿದೆ ಅನ್ನುತ್ತಿದ್ದೆ. ಗುಣವಾಗಿದೆ ಅನ್ನಲು ನಾಚಿಕೆಯಾಗುತ್ತಿತ್ತು. ನಿಜವಾಗಿಯೂ ನೋವು ಇರಬೇಕಿತ್ತು ಚಿಕ್ಕಿ. ನಿನಗೆ ಗೊತ್ತಿದ್ದ ನನ್ನ ನೋವು ಅದೊಂದೇ ಆಗಿತ್ತು. ಅದೂ ನಿನ್ನ ಹಿಂದೆಯೇ ಹೋಗಿಬಿಟ್ಟಿತು.

ಕುಮಟೆಗೆ ಒಬ್ಬಳೇ ಹೋದ ದಿನ ಮೇಡಂ ಬಾಗಿಲ ಕಡೆ ನೋಡಿದರು. "ಚಿಕ್ಕಮ್ಮ ಬಂದಿಲ್ವಾ?" ನಾನು "ತೀರಿಕೊಂಡರು" ಅಂದೆ. ನಾನು ಅವರ ಹತ್ತಿರ ಆಡಿದ ಮೊದಲ ಮಾತು ಅದು. ಅವರು ಕಾಲು ಒತ್ತಿ ನೋಡಿದರು, ಒಂಟಿಗಾಲಿನಲ್ಲಿ ಜಿಗಿಯಲು ಹೇಳಿದರು. ಇನ್ನು ಶುರು ಮಾಡಬಹುದು ಅಂದರು. ಸ್ವಲ್ಪ ನಡೆದು ಸ್ವಲ್ಪ ಓಡುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಟಾರು ರಸ್ತೆಗೆ ಅವಸರವಿಲ್ಲದೆ ಹೋಗುವುದು. "ಹಳೆಯ ನೋವು ಬಂದ ಕೂಡಲೇ ನಿಲ್ಲಬೇಕು. ಇಷ್ಟೇ ತಾನೇ ಅಂತ ಮುಂದೆ ಹೋಗಬಾರದು." ನಾನು ತಲೆಯಾಡಿಸಿದೆ. ಹೊನ್ನಾವರದ ಓಟಕ್ಕೆ ಹೋಗಬಹುದೇ ಎಂದು ನಾನೇ ಕೇಳಿದೆ. ನೋವಿಲ್ಲದಿದ್ದರೆ ಹೋಗು ಅಂದರು.

ಹೊಳೆಗೂ ಹೋದೆ. ನೀರಿನಲ್ಲಿ ನಿಂತು ಓಡಲು ಶುರು ಮಾಡಿದಾಗ ಬಳಚು ತೆಗೆಯುವವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ಯಾರೂ ತಮಾಷೆ ಮಾಡಲಿಲ್ಲ. ಮಾದೇವಕ್ಕ ಮುಖ ತಿರುಗಿಸಿಕೊಂಡಳು. ಅವರು ನಗದಿದ್ದದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಆ ದಿನ ಬೇಗ ದಡ ಹತ್ತಿದೆ.

ಓಟದ ದಿನ ಮೊದಲ ಬಸ್ಸಿಗೆ ಹೊರಟೆ. ಕರ್ಕಿಯಿಂದ ಹೊನ್ನಾವರಕ್ಕೆ ಓಟ. ನನ್ನಂಥವರು ತುಂಬ ಜನ ಇದ್ದರು, ಸೀರೆ ಉಟ್ಟು ಬಂದವರೂ ಇದ್ದರು. ಓಡಲು ಶುರು ಮಾಡಿದ ಮೇಲೆ ನನಗೆ ಯಾರೂ ಕಾಣಲಿಲ್ಲ. ಕಾಲು ತನ್ನಷ್ಟಕ್ಕೇ ಹೋಗುತ್ತಿತ್ತು. ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಹೊನ್ನಾವರದ ಮೊದಲ ಮನೆಗಳು ಕಾಣುವಾಗ ನನ್ನ ಮುಂದೆ ಒಬ್ಬಳೇ ಇದ್ದಳು. ಅವಳೂ ದಣಿದಿದ್ದಳು. ಉಸಿರಿನ ಸದ್ದು ನನಗೆ ಕೇಳಿಸುತ್ತಿತ್ತು.

ಆಗ ಬಂತು. ಎಲುಬಿನ ಒಳಬದಿಗೆ, ಅದೇ ಜಾಗ, ಅದೇ ಸಣ್ಣ ಉರಿ. ಇಷ್ಟೇ ತಾನೇ ಅನ್ನಿಸುವಷ್ಟು. ನಿಲ್ಲು ಅನ್ನುವವರು ಯಾರೂ ಇರಲಿಲ್ಲ. ಓಡಿದ್ದರೆ ಮನೆಯಲ್ಲಿ ಬೈಯುವವರೂ ಇರಲಿಲ್ಲ. ಬೂಟು ಬಚ್ಚಿಡುವವರು ಯಾರು? ಕೈ ಮುಗಿಯುವವರು ಯಾರು?

ನಿಂತೆ ಚಿಕ್ಕಿ.

ಹಿಂದಿನಿಂದ ಬಂದ ಹುಡುಗಿ ಓಡುತ್ತಲೇ ಕೂಗಿದಳು. "ಎಂತ ಆತಕ್ಕಾ? ಬಾ, ಇನ್ನೆಂತ, ಬಂದೇ ಬಿಡ್ತು!"

"ಇಲ್ಲ. ಎಲುಬು ನೋಯ್ತದೆ. ನಾ ನಿಲ್ತೆ."

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ರಸ್ತೆಯ ಬದಿಗೆ ಹೋಗಿ ಕೂತೆ. ಎಲ್ಲರೂ ನನ್ನನ್ನು ದಾಟಿ ಹೋದರು, ಸೀರೆ ಉಟ್ಟವರೂ ದಾಟಿ ಹೋದರು. ನೀನು ಹೋದ ದಿನ ಬಾರದ ಅಳು ಅಲ್ಲಿ ಬಂತು. ನೀರಿನ ಬಾಟಲಿ ಹಂಚುತ್ತಿದ್ದ ಹೆಂಗಸೊಬ್ಬಳು ನನ್ನ ಬೆನ್ನು ಸವರಿದಳು. "ಸೋತದ್ದಕ್ಕೆ ಯಾರಾದ್ರೂ ಇಷ್ಟು ಅಳ್ತಾರನೇ ತಂಗಿ? ಮುಂದಿನ ಸಲ ಗೆಲ್ಲು." ಅವಳಿಗೆ ನಾನು ಎಂತ ಹೇಳಲಿ? ನೀನಿದ್ದಾಗ ಒಂದೇ ಒಂದು ಸಲ ಹೀಗೆ ನಿಂತಿದ್ದರೆ ನಿನ್ನ ಮುಖ ಹೇಗಾಗುತ್ತಿತ್ತು ಎಂದು ಅಳುತ್ತಿದ್ದೇನೆ ಅಂದರೆ ಅವಳಿಗೆ ಅರ್ಥ ಆಗುತ್ತಿತ್ತೇ?

ಆ ವಾರವೇ ಮೇಡಂ ನೋಡಿದರು. ಎಲುಬಿಗೆ ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ನಿಂತಿದ್ದೀಯ ಅಂದರು. ಮತ್ತೆ ಕೂರು ಅಂದರು. ಕೂತೆ. ಕದ್ದು ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಒದ್ದೆ ಮರಳಿನಲ್ಲಿ ಅಳಿವೆಯವರೆಗೆ ಓಡಿ ಬಂದೆ. ನೋವು ಬರಲಿಲ್ಲ. ಮುಂದಿನ ಓಟಕ್ಕೂ ಹೋಗುತ್ತೇನೆ, ನೋವು ಬಂದರೆ ಅಲ್ಲೂ ನಿಲ್ಲುತ್ತೇನೆ. ನನ್ನನ್ನು ತಡೆಯಲು ನೀನಿಲ್ಲ ಅಂತ ಈ ಮಾತು ಮೀರುವುದಿಲ್ಲ ಚಿಕ್ಕಿ. ನೀನಿಲ್ಲ ಅಂತಲೇ ಮೀರುವುದಿಲ್ಲ.

ನಿನ್ನ ಕೂಸು