ಸಿಲೋನ್ ಲೈನಿನ ಆರೋಗ್ಯವಂತ ಅಜ್ಜಿ

ಊರಿಗಾಂ, ಕೆ.ಜಿ.ಎಫ್.
11 ಮಾರ್ಚ್ 2025

ಲಿಖಿತಾಳ ಅಪ್ಪನಿಗೆ ಪ್ರೀತಿಯ ನಮಸ್ಕಾರಗಳು.

ಮಂಗಳೂರಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಕ್ರೇನಿನ ಮೇಲೆ ಕೂತು ಊಟದ ಹೊತ್ತು ಮೀರಿಸಬೇಡಿ. ಲಿಖಿತಾಳಿಗೆ ಜ್ವರ ಬಿಟ್ಟಿದೆ. ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀರಿ. ನಾನು ಫೋನು ಕೈಗೆತ್ತಿಕೊಂಡರೆ ನಿಮ್ಮಮ್ಮ ಪಕ್ಕದಲ್ಲೇ ಬಂದು ಕೂರುತ್ತಾರಲ್ಲ, ಅವರ ವಿಷಯವನ್ನು ಅವರೆದುರಿಗೇ ಹೇಳುವುದು ಹೇಗೆ?

ಹೋದ ವಾರ ನಮ್ಮ ಸಾಲುಮನೆಗಳ ಸಿಲೋನ್ ಲೈನಿಗೆ ಬೆಂಗಳೂರಿನ ಯಾವುದೋ ನೆಮ್ಮದಿ ಬಳಗದವರು ದಯಮಾಡಿಸಿದ್ದರು. ಸಿಲೋನಿನ ಟೀ ತೋಟ ಬಿಟ್ಟು ಹಡಗಿನಲ್ಲಿ ಬಂದು ಐವತ್ತು ವರ್ಷವಾದ ಮೇಲೆ ಈ ನಿರಾಶ್ರಿತರಿಗೂ ಮನಸ್ಸು ಅನ್ನುವುದೊಂದು ಇರಬಹುದು ಅಂತ ಪುಣ್ಯಾತ್ಮರಿಗೆ ಈಗ ಹೊಳೆದಿದೆ. ಶಾಮಿಯಾನ, ಮೈಕು, ತಲೆಗೊಂದು ಯೋಗದ ಚಾಪೆ. ಬಿಳಿ ಬಟ್ಟೆಯ ಮೇಡಂ ಒಬ್ಬಳು, ಕಣ್ಣು ಮುಚ್ಚಿ ಹುಟ್ಟೂರಿನ ಹಸಿರು ಬೆಟ್ಟ ನೆನೆಸಿಕೊಳ್ಳಿ, ನೋವನ್ನೆಲ್ಲ ಉಸಿರಿನ ಜೊತೆ ಹೊರಗೆ ಬಿಡಿ ಅಂದಳು. ಆ ಬೆಟ್ಟದಲ್ಲಿ ಜಿಗಣೆ ಕಚ್ಚಿಸಿಕೊಂಡು ಎಲೆ ಕಿತ್ತವರ ಮಕ್ಕಳಿಗೆ ಹೇಳುವ ಮಾತೇ ಇದು? ಎದುರುಮನೆ ಮುನಿರತ್ನಮ್ಮ ಒಂದೇ ಕಣ್ಣು ತೆರೆದು, "ಊಟದ ಪೊಟ್ಣ ಯಾವಾಗ್ ಕೊಡ್ತಾರಂತೆ?" ಅಂದಳು. ಆಮೇಲೆ ಹೊಟ್ಟೆ ಹಿಡಿದು ನಗಬೇಕಂತೆ, ಅದೂ ಮೇಡಂ ಚಪ್ಪಾಳೆ ತಟ್ಟಿದಾಗ ಮಾತ್ರ. ಸಂಜೆ ಜಗಲಿಯಲ್ಲಿ ಹೆಂಗಸರೆಲ್ಲ ಬೆಲ್ಲ ಕಚ್ಚಿಕೊಂಡು ಕುಡಿಯುವ ಹಾಲಿಲ್ಲದ ಟೀ ವಿಷವಂತೆ, ಬಿಸಿನೀರಿಗೆ ಜೇನು ಬೆರೆಸಿ ಕುಡಿಯಬೇಕಂತೆ. ಜೇನು ಯಾರ ಮನೆಯಿಂದ ಬರಬೇಕೋ ಹೇಳಲಿಲ್ಲ. ಚಾಪೆಗಳ ಮೇಲೆ ಈಗ ಹಪ್ಪಳ ಒಣಗುತ್ತಿವೆ.

ಅವರನ್ನಷ್ಟೇ ಅಂದರೆ ತಪ್ಪಾದೀತು. ನಿಮ್ಮ ಜನ ಏನು ಕಡಿಮೆಯೇ? ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಯಾರು ಬಂದು ಆರೋಗ್ಯ ವಿಚಾರಿಸಿದರೂ ಇಡೀ ಲೈನಿಗೆ ಒಂದೇ ಉತ್ತರ: "ನಲ್ಲಾ ಇರುಕ್ಕೋಂ ಸಾರ್, ಚೆನ್ನಾಗೇ ಇದೀವಿ." ಉಬ್ಬಸದ ಕುಪ್ಪುಸ್ವಾಮಿ ಮಾವ ಕೂಡ ಅವರು ಹೋಗುವ ತನಕ ಕೆಮ್ಮು ನುಂಗಿಕೊಂಡು ನಿಂತಿದ್ದರು. ನಿಮ್ಮಮ್ಮನೋ, ಬಲಗಾಲಿನ ಹೆಬ್ಬೆರಳಿನ ಹುಣ್ಣು ಕಾಣದ ಹಾಗೆ ಲಿಖಿತಾಳ ಸ್ಕೂಲ್ ಸಾಕ್ಸ್ ಏರಿಸಿಕೊಂಡು ಸುಡುಬಿಸಿಲಲ್ಲಿ ಮೊದಲ ಸಾಲಿನಲ್ಲೇ ಕೂತರು. ಸಕ್ಕರೆ ಕಾಯಿಲೆಯ ಹುಣ್ಣು, ನಾತ ಹೊಡೆಯುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಡಾಕ್ಟರು ಅಂತ ಬಂದಿದ್ದ ಮಹಾನುಭಾವನಿಗೆ ಬೇಕಿತ್ತು. ನಾಡಿ ಹಿಡಿದ, ನಾಲಗೆ ನೋಡಿದ, ಲೈನಿಗೆಲ್ಲ ಆರೋಗ್ಯವಂತ ಅಜ್ಜಿ ಇಂದ್ರಾಣಿಯಮ್ಮ ಅಂತ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ! ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಸೆರಗು ಜಗ್ಗಿ, "ಸುಮ್ನಿರಮ್ಮಾ, ನಮ್ಮೆಸ್ರು ಬರ್ಕೊಂಬುಟ್ಟಾರು" ಅಂದರು. ತಿಂಗಳಿನಿಂದ ಅರಿಸಿನ, ಬೇವಿನೆಣ್ಣೆ, ಕೊತ್ತಂಬರಿ ಕಷಾಯ, ಇಷ್ಟೇ ಅವರ ಆಸ್ಪತ್ರೆ. ಕ್ಯಾಸಂಬಳ್ಳಿಯ ನಮ್ಮ ತವರುಮನೆಯಲ್ಲಿ ಹಸುವಿನ ಗೊರಸಿಗೆ ಹುಣ್ಣಾದರೂ ಡಾಕ್ಟರನ್ನು ಕರೆಸುತ್ತೇವೆ ಅಂದೆ. ನನ್ನ ಜೊತೆ ಮಾತು ಬಿಟ್ಟರು.

ನಮ್ಮಪ್ಪ ನಿಮ್ಮನ್ನು ಕೇಳಿದೆ ಅಂತ ಬರೆಯಲು ಹೇಳಿದ್ದಾರೆ. ಲಿಖಿತಾಳ ಮುತ್ತುಗಳು. ಮೈ ಹುಷಾರು.

ನಿಮ್ಮ
ಶ್ಯಾಮಲಾ

ತಾ.ಕ.: ಈ ಕಾಗದ ಎರಡು ದಿನ ಅಂಚೆಗೆ ಹಾಕದೆ ಉಳಿಯಿತು, ಈಗ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಅತ್ತೂ ಕರೆದೂ ಅತ್ತೆಯನ್ನು ಬಂಗಾರಪೇಟೆಯ ಡಾಕ್ಟರಿಗೆ ತೋರಿಸಿದೆ. ಬೆರಳು ತೆಗೆಯಲೇಬೇಕಂತೆ, ತಡವಾದರೆ ಪಾದವೂ ಉಳಿಯುವುದಿಲ್ಲವಂತೆ. ಸೋಮವಾರ ಆಪರೇಷನ್. ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿ ಬಿಟ್ಟರು. ಹಡಗಿಳಿದ ಕ್ಯಾಂಪಿನಲ್ಲಿ ಅವರಪ್ಪನ ಹೆಸರು ಬರೆದುಕೊಂಡು ಕಾಯಿಲೆಯವರ ಕೊಠಡಿಗೆ ಕಳುಹಿಸಿ, ಉಳಿದವರನ್ನು ರೈಲು ಹತ್ತಿಸಿಬಿಟ್ಟರಂತೆ. ಆಮೇಲೆ ಆ ಮನುಷ್ಯನನ್ನು ಯಾರೂ ನೋಡಲಿಲ್ಲ. ಅತ್ತೆ ಆಗಿನ್ನೂ ಚಿಕ್ಕ ಹುಡುಗಿ. "ಎಲ್ರೂ ಚೆನ್ನಾಗಿದೀರಾ ಅಂತ ಕೇಳ್ದಾಗ, ಅಪ್ಪಂಗೆ ಕೆಮ್ಮು ಐತೆ ಅಂದೋಳು ನಾನೇ ಕಣಮ್ಮಾ" ಅಂದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಮಗ ನಿಂತಿದ್ದರೆ ಮಾತ್ರ ಒಳಗೆ ಹೋಗುತ್ತಾರಂತೆ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬನ್ನಿ.