ಪ್ಯಾನಲ್ಲಿನ ಬೆನ್ನು

ಮಾರ್ಚ್ ೪, ಬೆಳಗ್ಗೆ

ಮತ್ತೆ ತಾರಸಿ. ಬಾಗಿಲಿಗೆ ಇಟ್ಟಿಗೆ ಅಡ್ಡ ಕೊಟ್ಟೆ — ಗಾಳಿಗೆ ಬಡಿದರೆ ಒಳಗಿನ ಚಿಲಕ ತಾನೇ ಬೀಳುತ್ತದೆ. ಸೋಲಾರ್ ಪ್ಯಾನಲ್ಲುಗಳ ಬೆನ್ನಿಗೆ ನಾನೇ ಬಿಗಿದ ತಾಮ್ರದ ಪೈಪಿಗೆ ನೀರು ಬಿಟ್ಟೆ. ಪ್ಯಾನಲ್ ತಣ್ಣಗಿದ್ದರೆ ಕರೆಂಟು ಹೆಚ್ಚು. ಅದರ ಬಿಸಿ ಹೊತ್ತು ತಂದ ನೀರು ಸ್ನಾನಕ್ಕೆ. ಒಂದೇ ಬಿಸಿಲಿಗೆ ಎರಡು ಸಂಬಳ! ಎನರ್ಜಿ ಕ್ಯಾನ್ ನೈದರ್ ಬಿ ಕ್ರಿಯೇಟೆಡ್ ನಾರ್... ಮುಂದಿನದು ಕಾಲೇಜಿನಲ್ಲೇ ಉಳಿಯಿತು. ನನ್ನ ಹೆಂಡತಿ ಬದುಕಿದ್ದಿದ್ದರೆ, "ಸಾಕು ಇಳೀರಿ, ತಲೆ ಕಾದಿರತ್ತೆ" ಎನ್ನುತ್ತಿದ್ದಳು.

ಮಾರ್ಚ್ ೬

ಅವಳ ಮಾತು ಕೇಳಬೇಕಿತ್ತು. ಟ್ಯಾಂಕಿನ ಪಕ್ಕ ತಲೆ ಸುತ್ತಿ ಬಿದ್ದೆ. ಮೊಣಕೈಗೆ ಹೊಲಿಗೆ. ಅಳಿಯ ಗಾಬರಿಯಲ್ಲಿ ಪೈಪಿನ ನೀರಿನ ವಾಲ್ವ್ ಮುಚ್ಚಿ ನನ್ನನ್ನು ಇಳಿಸಿದ. ಮಗಳು ತಾರಸಿ ಬಾಗಿಲಿಗೆ ಬೀಗ ಜಡಿದಳು. ಬೀಗದ ಕೈ ಅವಳ ಹ್ಯಾಂಡ್‌ಬ್ಯಾಗಿನಲ್ಲಿ.

ಮಾರ್ಚ್ ೧೭

ಕೋಣೆ, ಹಾಲ್, ಕೋಣೆ. ಹಾಲ್‌ನ ಗೋಡೆಯ ಇನ್ವರ್ಟರಿನಲ್ಲಿ ಕರೆಂಟಿನ ಅಂಕಿ ಮೊದಲಿನಷ್ಟು ಏರುತ್ತಿಲ್ಲ. ಮೇಲೆ ಪೈಪಿನೊಳಗೆ ನಿಂತ ನೀರು ಕುದಿಯುತ್ತಿರಬೇಕು. ಕೆಳಗೆ ನಾನು.

"ಒಂದ್ಸಲ ವಾಲ್ವ್ ತಿರುಗಿಸಿ ಬಾರೇ."

"ಆ ಹುಚ್ಚು ಬಿಡಪ್ಪಾ. ನಾಡಿದ್ದು ಪ್ಲಂಬರ್ ಬಂದು ಪೈಪೆಲ್ಲ ಕಿತ್ಕೊಂಡು ಹೋಗ್ತಾನೆ."

"ಎಫಿಶಿಯೆನ್ಸಿ ಅಂದ್ರೆ ಏನು, ಗೊತ್ತಾ?"

"ಗೊತ್ತು. ಉಂಡು ತೆಪ್ಪಗೆ ಮಲಗೋದು."

ಅಳಿಯ ಪೇಪರಿನ ಹಿಂದೆ ನಕ್ಕ. ಪೇಪರು ಅಲುಗಿತು.

ಮಾರ್ಚ್ ೧೮, ಮಧ್ಯಾಹ್ನ

ನಾಳೆ ಪ್ಲಂಬರ್. ಈಗ ಮಗಳು ಬೀಗ ತೆಗೆದು ದಿಂಬು ಒಣಹಾಕಲು ತಾರಸಿಗೆ ಹೋದಳು. ಧಡ್! ಬಾಗಿಲಿಗೆ ಇಟ್ಟಿಗೆ ಕೊಟ್ಟಿಲ್ಲ, ಒಳಗಿನ ಚಿಲಕ ಬಿತ್ತು. ಅಳಿಯ ಹೊರಗೆ ಹೋಗಿದ್ದಾನೆ. ಕೈಯಲ್ಲಿದ್ದ ಈ ಪುಸ್ತಕದ ಸಮೇತ ಮೆಟ್ಟಿಲು ಹತ್ತಿ ಕೂತಿದ್ದೇನೆ. ಚಿಲಕ ನನ್ನ ಮೂಗಿನ ಮುಂದೆ.

"ಅಪ್ಪಾ, ತೆಗಿ! ಕಾಲು ಸುಡ್ತಿದೆ."

"ಚಪ್ಪಲಿ?"

"...ಹಾಕಿದೀನಿ."

"ಹಾಗಾದ್ರೆ ಮೊದಲು ವಾಲ್ವ್ ತಿರುಗಿಸು. ಎಡಕ್ಕೆ."

"ನೀನು ಇಂಥ ಕಳ್ಳ ಅಂತ ಅಮ್ಮ ಅವತ್ತೇ ಹೇಳಿದ್ಲು!"

ಪೈಪು ಗೊರಗೊರ ಎಂದಿತು. ನೀರು ಓಡಿತು. ಕೊಟ್ಟ ಮಾತು — ಚಿಲಕಕ್ಕೆ ಕೈ ಹಾಕಿದೆ.

"ತಾಳು, ತಾಳು! ಪ್ಯಾನಲ್ ಹಿಂದೆ ನೀನು ಸಿಕ್ಕಿಸಿದ ಥರ್ಮಾಮೀಟರ್ ಇಳೀತಿದೆ. ಪುಸ್ತಕ ಇದೆಯಾ? ಬರ್ಕೋ. ಅರವತ್ನಾಲ್ಕು."

೬೪.

ಪೆನ್ನು ಹಿಡಿದೇ ಕಾದೆ.

"ಐವತ್ತೊಂಬತ್ತು! ಬರ್ಕೊಂಡ್ಯಾ?"

೫೯.

"ಐವತ್ತ... ಅಯ್ಯೋ, ನೀನೇ ಬಂದು ನೋಡಪ್ಪಾ. ಟೋಪಿ ಹಾಕ್ಕೊಂಡು ಬಾ."

೫